ಕರ್ನಲ್ ಏಳುವ ಹೊತ್ತಿನಲ್ಲಿ ಬೂಟ್‌ಲೋಡರ್ ಮೆಮೊರಿ ಕಾಪಾಡುವುದು ಹೇಗೆ?

ಸ್ವಂತ ಆಪರೇಟಿಂಗ್ ಸಿಸ್ಟಮ್ ಬರೆಯಲು ಕೂತವರಿಗೆ ಈ ತೊಂದರೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಬೂಟ್‌ಲೋಡರ್ ಅಂದರೆ ಮಷೀನ್ ಆನ್ ಆದ ಮೇಲೆ ಕರ್ನಲನ್ನು, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು, ಮೆಮೊರಿಗೆ ತಂದು ಎಬ್ಬಿಸುವ ಪ್ರೋಗ್ರಾಂ. ಕರ್ನಲ್ ಬೂಟ್ ಆಗುತ್ತದೆ, ಪರದೆ ಮೇಲೆ ಅಕ್ಷರವೂ ಮೂಡುತ್ತದೆ. ಮೆಮೊರಿ ಹಂಚುವ ಅಲೋಕೇಟರ್ ಸೇರಿಸಿದ ಮೇಲೆ ಶುರುವಾಗುತ್ತದೆ ಕಾಟ. ಒಮ್ಮೆ ನಡೆಯುತ್ತದೆ, ಇನ್ನೊಮ್ಮೆ ಮಷೀನ್ ಸೀದಾ ರೀಸ್ಟಾರ್ಟ್ ಆಗುತ್ತದೆ. ಇನಿಟ್‌ಆರ್‌ಡಿ (ಕರ್ನಲ್ ಜೊತೆಗೇ ಲೋಡ್ ಆಗುವ ಫೈಲ್‌ಗಳ ಗಂಟು) ಸ್ವಲ್ಪ ದೊಡ್ಡದಾದರೆ ಅದರೊಳಗಿನ ಫೈಲ್‌ಗಳು ಕಾಣುವುದೇ ಇಲ್ಲ. ಕೆಟ್ಟ ಜಾಗದ ಕೋಡನ್ನು ಎಷ್ಟು ಓದಿದರೂ ತಪ್ಪು ಸಿಗುವುದಿಲ್ಲ. ತಪ್ಪು ನಡೆದದ್ದು ಅಲ್ಲಲ್ಲ, ಅದಕ್ಕೂ ಬಹಳ ಮೊದಲು. ಬೂಟ್‌ಲೋಡರ್ ನಮಗಾಗಿ ಇಟ್ಟುಹೋದ ಮಾಹಿತಿಯ ಮೇಲೆ ನಮ್ಮ ಕರ್ನಲ್ಲೇ ಬರೆದುಬಿಟ್ಟಿರುತ್ತದೆ.

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಕರ್ನಲ್ ಬರೆಯೋಣ ಎಂದು ಹೊರಡುವವರು ಕಡಿಮೆ. ಆದರೆ ಇದ್ದಾರೆ. ಗದಗಿನಿಂದ ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ಬಂದುಹೋಗುವ ಒಬ್ಬ ಹುಡುಗಿ ಇಂಥದೇ ಪ್ರಾಜೆಕ್ಟ್ ಹಿಡಿದಿದ್ದಳು. ಅರ್ಧ ಕೋಡ್ ರೈಲಿನಲ್ಲೇ ಬರೆದವಳು. "ಸರ್ರ, ಒಮ್ಮೆ ನಡೀತದರಿ, ಒಮ್ಮೆ ಇಲ್ರಿ. ನಾ ಒಂದಕ್ಷರಾನೂ ಬದಲ್ ಮಾಡಿಲ್ರಿ," ಎಂದಳು. "ಹಂಗಾದ್ರ ತಂಗಿ, ಬೂಟ್‌ಲೋಡರ್ ಕೊಟ್ಟ ಅಡ್ರೆಸ್ ಎಷ್ಟು, ನಿನ್ನ ಕರ್ನಲ್ ಮುಗಿಯೋ ಅಡ್ರೆಸ್ ಎಷ್ಟು, ಎರಡೂ ಪ್ರಿಂಟ್ ಮಾಡಿಸಿ ತೋರಿಸು," ಎಂದೆ. ಎರಡನ್ನೂ ಪಕ್ಕಪಕ್ಕ ಇಟ್ಟ ಕೂಡಲೇ ವಿಷಯ ತಿಳಿಯಿತು. ಲೆಕ್ಕ ಸುಲಭವಾಗಲೆಂದು ಆ ಸಂಖ್ಯೆಗಳನ್ನು ಸ್ವಲ್ಪ ದುಂಡಗೆ ಮಾಡಿ ಇಲ್ಲಿ ಬಳಸಿದ್ದೇನೆ.

ನಿಮಗೆ ಸಿ ಭಾಷೆ ಬರುತ್ತದೆ, ಗ್ರಬ್ ಎಂಬ ಬೂಟ್‌ಲೋಡರ್ ಮತ್ತು ಕ್ಯೂಎಮು ಎಂಬ ನಕಲಿ ಮಷೀನ್ ಬಳಸಿ ಒಂದು ಪುಟ್ಟ ಕರ್ನಲ್ ಬೂಟ್ ಮಾಡಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಮುಖ್ಯ ಉದಾಹರಣೆ ಇಂಟೆಲ್ ಮಾದರಿಯ (ಎಕ್ಸ್86) ಪಿಸಿ, ಮಲ್ಟಿಬೂಟ್ 2, ಅಂದರೆ ಬೂಟ್‌ಲೋಡರ್ ಮತ್ತು ಕರ್ನಲ್ ನಡುವಿನ ಒಪ್ಪಂದದ ನಿಯಮ. ಬೇರೆ ದಾರಿಗಳ ಬಗ್ಗೆ ಆಮೇಲೆ ಹೇಳುತ್ತೇನೆ. ಹಂಚಿಕೆಯ ಅಡ್ರೆಸ್‌ಗಳನ್ನೆಲ್ಲ ಹೆಕ್ಸ್‌ನಲ್ಲಿ ಕೊಟ್ಟಿದ್ದೇನೆ. ಹೆಕ್ಸ್‌ನ 100000 ಅಂದರೆ 1 ಎಂಬಿ, 1000 ಅಂದರೆ 4 ಕೆಬಿಯ ಒಂದು ಪೇಜ್. ಇಷ್ಟು ನೆನಪಿದ್ದರೆ ಸಾಕು.

ಹೆಜ್ಜೆ 1: ಕೈಗೆ ಬಂದ ಅಡ್ರೆಸನ್ನು ಮೊದಲು ಭದ್ರ ಮಾಡಿ

ಗ್ರಬ್ ನಿಮ್ಮ ಕರ್ನಲ್‌ಗೆ ಜಿಗಿಯುವಾಗ ಎರಡು ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಜಾಗ) ತುಂಬಿ ಕೊಡುತ್ತದೆ. ಇಎಎಕ್ಸ್‌ನಲ್ಲಿ 36ಡಿ76289 ಎಂಬ ಗುರುತು. ಇಬಿಎಕ್ಸ್‌ನಲ್ಲಿ ಬೂಟ್ ಮಾಹಿತಿ ಇರುವ ಫಿಸಿಕಲ್ ಅಡ್ರೆಸ್. ರ್‍ಯಾಮ್ ಎಲ್ಲೆಲ್ಲಿದೆ, ಕಮಾಂಡ್ ಲೈನ್ ಏನು, ಇನಿಟ್‌ಆರ್‌ಡಿ ಎಲ್ಲಿದೆ, ಎಲ್ಲಕ್ಕೂ ಈ ಒಂದು ಅಡ್ರೆಸ್ಸೇ ದಾರಿ. ಇದು ಕಳೆದರೆ ಮತ್ತೆ ಸಿಗುವುದಿಲ್ಲ.

ಕಳೆಯುವುದು ಎಷ್ಟು ಸುಲಭ ನೋಡಿ. 64 ಬಿಟ್ ಮೋಡ್‌ಗೆ ಹೋಗುವ ಮುಂಚೆ ಪ್ರೊಸೆಸರ್‌ಗೆ ಆ ಶಕ್ತಿ ಇದೆಯಾ ಎಂದು ಸಿಪಿಯುಐಡಿ ಸೂಚನೆಯಿಂದ ಕೇಳುತ್ತೀರಿ. ಆ ಸೂಚನೆ ಉತ್ತರವನ್ನು ನಾಲ್ಕು ರಿಜಿಸ್ಟರ್‌ಗಳಲ್ಲಿ ಬರೆಯುತ್ತದೆ, ಅದರಲ್ಲಿ ಇಬಿಎಕ್ಸ್ ಕೂಡ ಒಂದು. ಅಡ್ರೆಸ್ ಹೋಯಿತು! ಅದಕ್ಕೇ ಕೆಲವರು ಮೊದಲೇ ಇಡಿಐ ಎಂಬ ಬೇರೆ ರಿಜಿಸ್ಟರಿಗೆ ನಕಲು ಮಾಡುತ್ತಾರೆ. ಆಮೇಲೆ ಬಿಎಸ್‌ಎಸ್ ಭಾಗವನ್ನು (ಶುರುವಿನ ಬೆಲೆ ಕೊಡದ ವೇರಿಯಬಲ್‌ಗಳ ಜಾಗ) ಸೊನ್ನೆ ಮಾಡುವ ಲೂಪ್ ಬರುತ್ತದೆ, ಅದು ಇಡಿಐಯನ್ನೇ ಮುಂದೆ ತಳ್ಳಿಕೊಂಡು ಹೋಗುತ್ತದೆ. ಮತ್ತೆ ಹೋಯಿತು. ಸ್ಟ್ಯಾಕ್ ಮೇಲೆ ಇಟ್ಟರೆ? ನಿಮ್ಮ ಸ್ಟ್ಯಾಕ್ ಬಿಎಸ್‌ಎಸ್ ಒಳಗೇ ಇದ್ದರೆ ಅದೇ ಲೂಪ್ ಅದನ್ನೂ ಒರೆಸುತ್ತದೆ.

ನಾನು ಹೇಳುವ ದಾರಿ ಇದು. ಮೊಟ್ಟಮೊದಲ ಎರಡು ಸೂಚನೆಗಳಲ್ಲೇ ಇಎಎಕ್ಸ್, ಇಬಿಎಕ್ಸ್ ಎರಡನ್ನೂ ಡೇಟಾ ಸೆಕ್ಷನ್‌ನ ಎರಡು ಜಾಗಗಳಿಗೆ ಬರೆದುಬಿಡಿ. ಬಿಎಸ್‌ಎಸ್‌ಗೆ ಅಲ್ಲ, ಡೇಟಾಗೆ. ಡೇಟಾ ಸೆಕ್ಷನ್ ಫೈಲಿನಿಂದಲೇ ಬಂದಿರುತ್ತದೆ, ಅದನ್ನು ಯಾರೂ ಸೊನ್ನೆ ಮಾಡುವುದಿಲ್ಲ. ಗುರುತು ಸರಿ ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ಮುಂದೆ ಹೋಗಬೇಡಿ.

ಇನ್ನೊಂದು ಮಾತು. ಮಲ್ಟಿಬೂಟ್ ನಿಮಗೆ ಸ್ಟ್ಯಾಕ್ ಕೊಡುವುದಿಲ್ಲ, ಜಿಡಿಟಿ (ಮೆಮೊರಿ ಸೆಗ್ಮೆಂಟ್‌ಗಳ ಕೋಷ್ಟಕ) ಸರಿ ಇರುತ್ತದೆ ಎಂಬ ಭರವಸೆಯನ್ನೂ ಕೊಡುವುದಿಲ್ಲ. ಎರಡನ್ನೂ ನಿಮ್ಮದೇ ಮಾಡಿಕೊಳ್ಳಿ. ಹಾಗೆ ಮಾಡಿದರೆ ಬೂಟ್‌ಲೋಡರ್ ಮೇಲಿನ ಎರಡು ಅವಲಂಬನೆ ಶುರುವಿನಲ್ಲೇ ಕಡಿಮೆಯಾದವು.

ಹೆಜ್ಜೆ 2: ನಿಮ್ಮ ಕರ್ನಲ್ ನಿಜವಾಗಿ ಎಲ್ಲಿ ಮುಗಿಯುತ್ತದೆ ನೋಡಿ

ಕರ್ನಲ್ ಫೈಲಿನ ಸೈಜ್ ಬೇರೆ, ಅದು ಮೆಮೊರಿಯಲ್ಲಿ ಹಿಡಿಯುವ ಜಾಗ ಬೇರೆ. ಬಿಎಸ್‌ಎಸ್ ಫೈಲಿನಲ್ಲಿ ಇರುವುದೇ ಇಲ್ಲ, ಮೆಮೊರಿಯಲ್ಲಿ ಮಾತ್ರ ಇರುತ್ತದೆ. ಲಿಂಕರ್ ಸ್ಕ್ರಿಪ್ಟ್‌ನಲ್ಲಿ ಕರ್ನಲ್ ಕೊನೆಯ ಗುರುತನ್ನು ಬಿಎಸ್‌ಎಸ್ ಆದ ಮೇಲೆಯೇ ಹಾಕಿ.

ಗ್ರಬ್ ಬಳಸುವವರಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ, ಅದು ಇಎಲ್‌ಎಫ್ ಎಂಬ ಮಾದರಿಯ ಕರ್ನಲ್ ಫೈಲಿನಲ್ಲಿರುವ ಎರಡೂ ಸೈಜ್ ಓದುತ್ತದೆ. ಬೂಟ್‌ಲೋಡರನ್ನೂ ಸ್ವಂತ ಬರೆದವರು ಮಾತ್ರ ಹುಷಾರು. ಫೈಲ್ ಮುಗಿದ ಜಾಗದಲ್ಲೇ ಬೂಟ್ ಮಾಹಿತಿ ಇಟ್ಟುಬಿಡುತ್ತಾರೆ. ಕರ್ನಲ್ ಎದ್ದ ಕೂಡಲೇ ಬಿಎಸ್‌ಎಸ್ ಸೊನ್ನೆ ಮಾಡುತ್ತದೆ, ಮಾಹಿತಿಯೆಲ್ಲ ಮಾಯ.

ಹೆಜ್ಜೆ 3: ಮೆಮೊರಿ ಮ್ಯಾಪ್ ಓದಿ, ಆದರೆ ಪೂರ್ತಿ ನಂಬಬೇಡಿ

ಈ ಲೇಖನ ಬರೆಯಲು ಕಾರಣವೇ ಈ ಹೆಜ್ಜೆ. ಬೂಟ್ ಮಾಹಿತಿ ಟ್ಯಾಗ್ ಎಂಬ ತುಂಡುಗಳಾಗಿ ಬರುತ್ತದೆ. ಅದರಲ್ಲಿ 6ನೇ ನಂಬರಿನ ಟ್ಯಾಗ್ ಮೆಮೊರಿ ಮ್ಯಾಪ್, ಅಂದರೆ ಯಾವ ಅಡ್ರೆಸ್‌ನಲ್ಲಿ ಏನಿದೆ ಎಂಬ ಪಟ್ಟಿ. ಪ್ರತಿ ಸಾಲಿನಲ್ಲಿ ಶುರುವಿನ ಅಡ್ರೆಸ್, ಉದ್ದ, ಮತ್ತು ಬಗೆ. ಬಗೆ 1 ಅಂದರೆ ಬಳಸಬಹುದಾದ ರ್‍ಯಾಮ್. 3 ಅಂದರೆ ಎಸಿಪಿಐ ಕೋಷ್ಟಕಗಳು (ಹಾರ್ಡ್‌ವೇರ್ ವಿವರ), ಓದಿ ಮುಗಿಸಿದ ಮೇಲೆ ಬಳಸಬಹುದು. 4 ಅಂದರೆ ಮುಟ್ಟಲೇಬಾರದು. 5 ಅಂದರೆ ಕೆಟ್ಟ ರ್‍ಯಾಮ್.

ಕ್ಯೂಎಮುವಿಗೆ 128 ಎಂಬಿ ಕೊಟ್ಟು ಹಳೆಯ ಬಯೋಸ್ ರೀತಿಯಲ್ಲಿ ಬೂಟ್ ಮಾಡಿದರೆ ಚಿತ್ರ ಹೀಗಿರುತ್ತದೆ. ಸೊನ್ನೆಯಿಂದ 639 ಕೆಬಿವರೆಗೆ ಬಗೆ 1. ಅದರ ಮೇಲಿನ 1 ಕೆಬಿ ರಿಸರ್ವ್ಡ್. 1 ಎಂಬಿಯಿಂದ ಮೇಲಕ್ಕೆ ಕೊನೆಯ 128 ಕೆಬಿ ಬಿಟ್ಟು ಉಳಿದದ್ದೆಲ್ಲ ಬಗೆ 1. ನಿಮ್ಮ ಕರ್ನಲ್ ಕೂತಿರುವುದೂ 1 ಎಂಬಿಯಲ್ಲೇ ಅಲ್ವಾ? ಹಾಗಾದರೆ ಆ ಜಾಗ 'ಬಳಸಬಹುದು' ಎಂದು ಹೇಗೆ ಬಂತು?

ಮಲ್ಟಿಬೂಟ್ 2 ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಬಗೆ 1ರ ಜಾಗದೊಳಗೆ ಕರ್ನಲ್, ಬೂಟ್ ಮಾಹಿತಿ, ಮಾಡ್ಯೂಲ್‌ಗಳು (ಇನಿಟ್‌ಆರ್‌ಡಿಯಂಥ ಜೊತೆ ಫೈಲ್‌ಗಳು) ಎಲ್ಲವೂ ಸೇರಿರುತ್ತವೆ. ಅವುಗಳ ಮೇಲೆ ಬರೆಯದಂತೆ ನೋಡಿಕೊಳ್ಳುವುದು ಕರ್ನಲ್ ಕೆಲಸ. ಮ್ಯಾಪ್ ಹೇಳುವುದು ಇಲ್ಲಿ ರ್‍ಯಾಮ್ ಇದೆ ಎಂದಷ್ಟೇ. ಖಾಲಿ ಇದೆ ಎಂದು ಅದು ಎಲ್ಲೂ ಹೇಳಿಲ್ಲ. ಬ್ಯಾಡಗಿ ಮಾರುಕಟ್ಟೆಯ ಅಂಗಳ ಎಷ್ಟು ಎಕರೆ ಎಂದು ಕಾಗದದಲ್ಲಿ ನೋಡಿ ಮೆಣಸಿನಕಾಯಿ ಚೀಲ ಇಳಿಸಲು ಆಗುವುದಿಲ್ಲ. ಯಾರ ಚೀಲ ಎಲ್ಲಿ ಇದೆ ಎಂದು ಕಣ್ಣಿಂದ ನೋಡಲೇಬೇಕು.

ಗದಗಿನ ಹುಡುಗಿಯ ಕರ್ನಲ್ 100000ದಲ್ಲಿ ಶುರುವಾಗಿ 132000ದಲ್ಲಿ ಮುಗಿಯುತ್ತಿತ್ತು, ಅಂದರೆ 200 ಕೆಬಿ. ಗ್ರಬ್ ಕೊಟ್ಟ ಬೂಟ್ ಮಾಹಿತಿ 134000ದಲ್ಲಿತ್ತು. ಅಲೋಕೇಟರ್ ಬಹಳ ಸರಳ: ಕರ್ನಲ್ ಮುಗಿದಲ್ಲಿಂದ ಒಂದೊಂದೇ ಪೇಜ್ ಕೊಡುತ್ತಾ ಹೋಗುವುದು, ಕೊಡುವ ಮುಂಚೆ ಸೊನ್ನೆ ತುಂಬುವುದು. ಮೊದಲ ಪೇಜ್ 132000, ಎರಡನೆಯದು 133000. ಮೂರನೆಯದು 134000! ಬೂಟ್ ಮಾಹಿತಿ ಪೂರ್ತಿ ಸೊನ್ನೆ.

ಆಮೇಲೆ ಏನಾಯಿತು ಎನ್ನುವುದು ಇನ್ನೂ ಗಮನಿಸಬೇಕಾದ್ದು. ಟ್ಯಾಗ್‌ಗಳನ್ನು ಓದುವ ಲೂಪ್ ಬಗೆ 0 ಬಂದರೆ ಮುಗಿಯಿತು ಎಂದುಕೊಳ್ಳುತ್ತದೆ. ಸೊನ್ನೆಯಾದ ಮೆಮೊರಿಯಲ್ಲಿ ಮೊದಲ ಟ್ಯಾಗ್‌ನ ಬಗೆಯೂ 0. ಹಾಗಾಗಿ ಕರ್ನಲ್ ಯಾವ ಗದ್ದಲವೂ ಇಲ್ಲದೆ 'ಇನಿಟ್‌ಆರ್‌ಡಿ ಇಲ್ಲ' ಎಂದಿತು. ಇನಿಟ್‌ಆರ್‌ಡಿ ಅದರ ಜಾಗದಲ್ಲಿ ಸುರಕ್ಷಿತವಾಗೇ ಇತ್ತು, ಅದರ ವಿಳಾಸ ಮಾತ್ರ ಅಳಿಸಿಹೋಗಿತ್ತು. ಲೂಪ್ ಬೇರೆ ರೀತಿ ಬರೆದಿದ್ದರೆ ಟ್ಯಾಗ್ ಸೈಜ್ 0 ಇರುವುದರಿಂದ ಒಂದೇ ಜಾಗದಲ್ಲಿ ಸುತ್ತುತ್ತಲೇ ಇರುತ್ತಿತ್ತು. ಇನ್ನು ಅವಳಿಗೆ ಒಮ್ಮೆ ನಡೆದದ್ದು ಯಾಕೆ? ಗ್ರಬ್ ಮೆನುವಿನ ಒಂದು ಸಾಲಿನಲ್ಲಿ ಇನಿಟ್‌ಆರ್‌ಡಿ ಇರಲಿಲ್ಲ. ಆ ಸಾಲಿನಿಂದ ಬೂಟ್ ಮಾಡಿದಾಗ ಬೂಟ್ ಮಾಹಿತಿಯನ್ನು ಮತ್ತೆ ಓದುವ ಪ್ರಸಂಗವೇ ಬರುತ್ತಿರಲಿಲ್ಲ.

ಇದರಿಂದ ಒಂದು ಚಿಕ್ಕ ಅಭ್ಯಾಸ ಕಲಿಯಬಹುದು. ನಿಜವಾದ ಕೊನೆಯ ಟ್ಯಾಗ್‌ನ ಬಗೆ 0, ಸೈಜ್ 8. ಎರಡನ್ನೂ ಪರೀಕ್ಷಿಸಿ. ಬಗೆ 0 ಇದ್ದು ಸೈಜ್ 8 ಇಲ್ಲದಿದ್ದರೆ ಮಾಹಿತಿ ಕೆಟ್ಟಿದೆ ಎಂದೇ ಅರ್ಥ, ಅಲ್ಲೇ ಕೂಗಿ ನಿಲ್ಲಿಸಿ. ಪ್ರತಿ ಟ್ಯಾಗ್ 8 ಬೈಟ್ ಗಡಿಯಲ್ಲಿ ಶುರುವಾಗುತ್ತದೆ, ಅದನ್ನು ಮರೆಯಬೇಡಿ. ಮ್ಯಾಪ್‌ನ ಒಂದು ಸಾಲಿನ ಸೈಜನ್ನು ನಿಮ್ಮ ಸ್ಟ್ರಕ್ಟ್‌ನಿಂದ ತೆಗೆದುಕೊಳ್ಳಬೇಡಿ. ಟ್ಯಾಗ್ ಒಳಗೇ ಆ ಸೈಜ್ ಬರೆದಿರುತ್ತದೆ, ಅದನ್ನೇ ಬಳಸಿ.

ಹೆಜ್ಜೆ 4: ಅಲೋಕೇಟರ್‌ಗಿಂತ ಮೊದಲು ಪಟ್ಟಿ

ಒಂದೂ ಪೇಜ್ ಹಂಚುವ ಮುಂಚೆ ಮುಟ್ಟಬಾರದ ಜಾಗಗಳ ಪಟ್ಟಿ ಸಿದ್ಧವಾಗಬೇಕು. ಇದಕ್ಕೆ ದೊಡ್ಡ ವ್ಯವಸ್ಥೆ ಬೇಡ. ಕರ್ನಲ್ ಒಳಗೇ 64 ಸಾಲಿನ ಒಂದು ಅರೇ ಸಾಕು. ಪ್ರತಿ ಸಾಲಿಗೆ ಶುರು, ಕೊನೆ, ಮತ್ತು ಒಂದು ಹೆಸರು. ಹೆಸರು ಯಾಕೆ ಅಂದರೆ, ರಾತ್ರಿ ಹತ್ತು ಗಂಟೆಗೆ ಡಿಬಗ್ ಮಾಡುವಾಗ ಸುಮ್ನೆ ಸಂಖ್ಯೆ ನೋಡಿದರೆ ಏನೂ ಹೊಳೆಯುವುದಿಲ್ಲ. ಅರೇ ತುಂಬಿಹೋದರೆ ಹೊಸ ಸಾಲನ್ನು ಬಿಟ್ಟು ಮುಂದೆ ಹೋಗಬೇಡಿ, ಪ್ಯಾನಿಕ್ ಮಾಡಿ, ಅಂದರೆ ಕರ್ನಲನ್ನು ಅಲ್ಲೇ ನಿಲ್ಲಿಸಿ.

ನಮ್ಮ ಉದಾಹರಣೆಗೆ ಪಟ್ಟಿ ಹೀಗೆ:

0 – 100000: ಕೆಳಗಿನ 1 ಎಂಬಿ
100000 – 132000: ಕರ್ನಲ್
134000 – 135000: ಬೂಟ್ ಮಾಹಿತಿ
140000 – 340000: ಇನಿಟ್‌ಆರ್‌ಡಿ, 2 ಎಂಬಿ

ಬೂಟ್ ಮಾಹಿತಿಯ ಒಟ್ಟು ಸೈಜ್ ಅದರ ಮೊದಲ 4 ಬೈಟ್‌ನಲ್ಲೇ ಇರುತ್ತದೆ. ಇನಿಟ್‌ಆರ್‌ಡಿಯ ಶುರು-ಕೊನೆ 3ನೇ ನಂಬರಿನ ಟ್ಯಾಗ್‌ನಲ್ಲಿ ಸಿಗುತ್ತದೆ. ಮಾಡ್ಯೂಲ್ ಎಷ್ಟಿವೆಯೋ ಅಷ್ಟು ಟ್ಯಾಗ್ ಬರುತ್ತವೆ, ಎಲ್ಲವನ್ನೂ ಸೇರಿಸಿ. ಗ್ರಾಫಿಕ್ಸ್ ಪರದೆ ಬಳಸುತ್ತಿದ್ದರೆ ಫ್ರೇಮ್‌ಬಫರ್ (ಪರದೆಯ ಚಿತ್ರ ಇರುವ ಮೆಮೊರಿ) ಕೂಡ ಸೇರಬೇಕು, ಅದು 8ನೇ ಟ್ಯಾಗ್.

ಕೆಳಗಿನ 1 ಎಂಬಿಯನ್ನು ಪೂರ್ತಿ ಬಿಟ್ಟುಬಿಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಸೊನ್ನೆಯಿಂದ 1024 ಬೈಟ್ ಬಯೋಸ್‌ನ ಇಂಟರಪ್ಟ್ ಕೋಷ್ಟಕ, ಅದರ ಮೇಲೆ 256 ಬೈಟ್ ಬಯೋಸ್ ಡೇಟಾ, 640 ಕೆಬಿಯ ಕೆಳಗೆ ಇನ್ನೊಂದಿಷ್ಟು ಬಯೋಸ್ ಡೇಟಾ, ಅಲ್ಲಿಂದ 1 ಎಂಬಿವರೆಗೆ ವಿಜಿಎ ಪರದೆಯ ಮೆಮೊರಿ ಮತ್ತು ಓದಲು-ಮಾತ್ರ ಮೆಮೊರಿ (ಆರ್‌ಓಎಂ). 639 ಕೆಬಿಗಾಗಿ ಇಷ್ಟು ತಲೆನೋವು ಬೇಕಾ? ಲಿನಕ್ಸ್ ಕೂಡ 2021ರಲ್ಲಿ ಇದೇ ತೀರ್ಮಾನಕ್ಕೆ ಬಂತು. ಎಕ್ಸ್86 ಮಷೀನ್‌ಗಳಲ್ಲಿ ಮೊದಲ 1 ಎಂಬಿಯನ್ನು ಯಾವಾಗಲೂ ರಿಸರ್ವ್ ಮಾಡುತ್ತದೆ. ಮುಂದೆ ಪ್ರೊಸೆಸರಿನ ಉಳಿದ ಕೋರ್‌ಗಳನ್ನು ಎಬ್ಬಿಸುವಾಗ ಅವುಗಳ ಶುರುವಿನ ಕೋಡ್ 1 ಎಂಬಿಯ ಕೆಳಗೇ ಇರಬೇಕು. ಈಗ ಕಾಯ್ದಿಟ್ಟದ್ದು ಆಗ ಉಪಯೋಗಕ್ಕೆ ಬರುತ್ತದೆ.

ದುಂಡಗೆ ಮಾಡುವಾಗ ದಿಕ್ಕು ತಪ್ಪಬೇಡಿ. ಕಾಯ್ದಿಡುವ ಜಾಗ ಯಾವಾಗಲೂ ಹಿಗ್ಗಬೇಕು: ಶುರು ಕೆಳಕ್ಕೆ, ಕೊನೆ ಮೇಲಕ್ಕೆ. ಖಾಲಿ ಜಾಗ ಯಾವಾಗಲೂ ಕುಗ್ಗಬೇಕು: ಶುರು ಮೇಲಕ್ಕೆ, ಕೊನೆ ಕೆಳಕ್ಕೆ. ಡೆಸಿಮಲ್‌ನಲ್ಲಿ ನೋಡೋಣ. 5000ದಿಂದ 9000ದವರೆಗೆ ಒಂದು ತುಂಡು ಇದೆ. ಅದನ್ನು ಕಾಯಬೇಕಾದರೆ 4096ರಿಂದ 12288, ಅಂದರೆ ಎರಡು ಪೇಜ್. ಅದೇ ತುಂಡು ಖಾಲಿ ಜಾಗವಾಗಿದ್ದರೆ ಶುರು 8192, ಕೊನೆಯೂ 8192. ಕೊಡಲು ಒಂದು ಪೇಜೂ ಇಲ್ಲ. ಎರಡಕ್ಕೂ ಒಂದೇ ಫಂಕ್ಷನ್ ಬರೆದವರ ಕರ್ನಲ್‌ನಲ್ಲಿ ಇನಿಟ್‌ಆರ್‌ಡಿಯ ಕೊನೆಯ ಕೆಲವು ಬೈಟ್ ಮಾತ್ರ ಕೆಡುವ ವಿಚಿತ್ರ ನೋಡುತ್ತೀರಿ.

ಬಯೋಸ್ ಕೊಡುವ ಮ್ಯಾಪ್‌ನಲ್ಲಿ ಸಾಲುಗಳು ಕ್ರಮವಾಗಿ ಇರಲೇಬೇಕೆಂದಿಲ್ಲ, ಒಂದರ ಮೇಲೊಂದು ಬರಲೂಬಹುದು. ಒಂದು ಸಾಲು ಖಾಲಿ ಎಂದು, ಇನ್ನೊಂದು ರಿಸರ್ವ್ಡ್ ಎಂದು ಹೇಳಿದರೆ ರಿಸರ್ವ್ಡ್ ಮಾತೇ ನಡೆಯಬೇಕು.

ಹೆಜ್ಜೆ 5: ಬೇಕಾದ್ದನ್ನು ನಕಲು ಮಾಡಿಕೊಳ್ಳಿ

ಕಾಯುವುದಕ್ಕಿಂತ ಒಳ್ಳೆಯದು ನಮ್ಮದೇ ನಕಲು ಇಟ್ಟುಕೊಳ್ಳುವುದು. ಬೂಟ್ ಮಾಹಿತಿ ಸಾಮಾನ್ಯವಾಗಿ ಕೆಲವೇ ಕೆಬಿ. ಕರ್ನಲ್ ಒಳಗೆ 16 ಕೆಬಿ ಬಫರ್ ಇಟ್ಟು, ಸೈಜ್ ನೋಡಿ, ಹಿಡಿಸಿದರೆ ನಕಲು ಮಾಡಿ. ಹಿಡಿಸದಿದ್ದರೆ ಕತ್ತರಿಸಬೇಡಿ, ನಿಲ್ಲಿಸಿ.

ಮಲ್ಟಿಬೂಟ್ 2ರ ಒಳ್ಳೆಯ ಗುಣ ಏನಂದರೆ ಕಮಾಂಡ್ ಲೈನ್, ಮ್ಯಾಪ್ ಎಲ್ಲ ಒಂದೇ ಗಂಟಿನಲ್ಲಿರುತ್ತವೆ. ಒಂದು ನಕಲಿಗೆ ಎಲ್ಲವೂ ಬಂತು. ಹಳೆಯ ಮಲ್ಟಿಬೂಟ್ 1 ಹಾಗಲ್ಲ. ಅದರ ಸ್ಟ್ರಕ್ಟ್ ಒಳಗೆ ಇವಕ್ಕೆಲ್ಲ ಇರುವುದು ಬರೀ ಪಾಯಿಂಟರ್‌ಗಳು. ಸ್ಟ್ರಕ್ಟ್ ನಕಲು ಮಾಡಿದೆ ಎಂದು ನೆಮ್ಮದಿಯಾಗಿ ಕೂತರೆ ಕಮಾಂಡ್ ಲೈನ್ ಇನ್ನೂ ಹಳೆಯ ಜಾಗದಲ್ಲೇ ಬಿದ್ದಿರುತ್ತದೆ. ಒಂದೊಂದು ಪಾಯಿಂಟರ್ ಹಿಂದೆಯೂ ಹೋಗಿ ತರಬೇಕು. ಮಾಡ್ಯೂಲ್‌ಗಳ ವಿಷಯದಲ್ಲಿ ಎರಡೂ ಒಂದೇ: ಮಾಹಿತಿಯಲ್ಲಿ ಅಡ್ರೆಸ್ ಮಾತ್ರ ಇರುತ್ತದೆ, ಫೈಲ್ ಹೊರಗೇ ಇರುತ್ತದೆ. ಇನಿಟ್‌ಆರ್‌ಡಿಯನ್ನು ನಕಲು ಮಾಡುವ ಅಗತ್ಯವಿಲ್ಲ, ಇದ್ದಲ್ಲೇ ಕಾದರೆ ಸಾಕು.

ಹೆಜ್ಜೆ 6: ಈಗ ಅಲೋಕೇಟರ್

ಬಿಟ್‌ಮ್ಯಾಪ್ ಬಳಸುವವರಿಗೆ ಲೆಕ್ಕ ಚೆನ್ನಾಗಿ ಕೂಡುತ್ತದೆ. 128 ಎಂಬಿ ಅಂದರೆ 32768 ಪೇಜ್, ಪೇಜಿಗೊಂದು ಬಿಟ್‌ನಂತೆ 4096 ಬೈಟ್, ಸರಿಯಾಗಿ ಒಂದೇ ಪೇಜ್. 4 ಜಿಬಿಗೆ 128 ಕೆಬಿ.

ಕ್ರಮ ಮುಖ್ಯ. ಮೊದಲು ಎಲ್ಲ ಬಿಟ್‌ಗಳನ್ನೂ 'ಬಳಕೆಯಲ್ಲಿದೆ' ಎಂದು ಗುರುತು ಮಾಡಿ. ಆಮೇಲೆ ಮ್ಯಾಪ್‌ನ ಬಗೆ 1 ಜಾಗಗಳನ್ನು ಬಿಡಿಸಿ. ಕೊನೆಗೆ ನಿಮ್ಮ ಪಟ್ಟಿಯ ಸಾಲುಗಳನ್ನು ಮತ್ತೆ ಮುಚ್ಚಿ. ಮ್ಯಾಪ್‌ನಲ್ಲಿ ಹೆಸರೇ ಇಲ್ಲದ ಜಾಗ ಹೀಗೆ ತಾನಾಗಿ ಮುಚ್ಚಿರುತ್ತದೆ. ಉಲ್ಟಾ ಕ್ರಮದಲ್ಲಿ ಮಾಡಿದರೆ, ಅಂದರೆ ಮೊದಲು ಪಟ್ಟಿ ಮುಚ್ಚಿ ಆಮೇಲೆ ಬಗೆ 1 ಬಿಡಿಸಿದರೆ, ಕಾಯ್ದದ್ದೆಲ್ಲ ಮತ್ತೆ ತೆರೆದುಕೊಳ್ಳುತ್ತದೆ.

ಬಿಟ್‌ಮ್ಯಾಪ್ ಎಲ್ಲಿ ಇಡುವುದು? ಅದಕ್ಕೂ ಜಾಗ ಬೇಕಲ್ಲ, ಅಲೋಕೇಟರ್ ಇನ್ನೂ ಹುಟ್ಟಿಲ್ಲ. ಬಗೆ 1 ಜಾಗಗಳಲ್ಲಿ, ಪಟ್ಟಿಯ ಯಾವ ಸಾಲಿಗೂ ತಾಗದ ಒಂದು ತುಂಡು ಹುಡುಕುವ ಚಿಕ್ಕ ಫಂಕ್ಷನ್ ಬರೆಯಿರಿ. ಸಿಕ್ಕ ತುಂಡನ್ನೂ ಪಟ್ಟಿಗೆ ಸೇರಿಸಿ. ಬಿಟ್‌ಮ್ಯಾಪ್‌ನ ಸೈಜನ್ನು ಬಗೆ 1ರ ಕೊನೆಯ ಅಡ್ರೆಸ್‌ನಿಂದ ಲೆಕ್ಕ ಹಾಕಿ, ಮ್ಯಾಪ್‌ನ ಕೊನೆಯ ಅಡ್ರೆಸ್‌ನಿಂದ ಅಲ್ಲ. 4 ಜಿಬಿಯ ಅಂಚಿನಲ್ಲಿ ಬಯೋಸ್‌ಗೆ ಸೇರಿದ ರಿಸರ್ವ್ಡ್ ಸಾಲು ಇರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ 128 ಎಂಬಿ ಮಷೀನ್‌ಗೂ 128 ಕೆಬಿ ಬಿಟ್‌ಮ್ಯಾಪ್ ಆಗುತ್ತದೆ.

ಲಿನಕ್ಸ್ ಕೂಡ ಇದನ್ನೇ ಮಾಡುತ್ತದೆ. ಶುರುವಿನಲ್ಲಿ ಅದರ ಕೈಯಲ್ಲಿರುವುದು ಮೆಂಬ್ಲಾಕ್ ಎಂಬ ಸರಳ ವ್ಯವಸ್ಥೆ. ಅದರಲ್ಲಿ ಎರಡು ಪಟ್ಟಿ: ಒಂದು ಇರುವ ಮೆಮೊರಿಯದು, ಇನ್ನೊಂದು ಕಾಯ್ದಿಟ್ಟದ್ದು. ಕರ್ನಲ್, ಇನಿಟ್‌ಆರ್‌ಡಿ, ಬೂಟ್‌ಲೋಡರ್ ಕೊಟ್ಟ ಸೆಟಪ್ ಡೇಟಾ, ಎಲ್ಲವನ್ನೂ ಮೊದಲು ಕಾಯ್ದಿಟ್ಟ ಪಟ್ಟಿಗೆ ಹಾಕಿ, ಆಮೇಲಷ್ಟೇ ಹಂಚಲು ಶುರು ಮಾಡುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದ್ದರೆ ಕರ್ನಲ್ ಲಾಗ್ ತೆರೆದು 'ಬಯೋಸ್-ಇ820' ಸಾಲುಗಳನ್ನು ಹುಡುಕಿ. ನಿಮ್ಮದೇ ಮಷೀನ್‌ನ ಮ್ಯಾಪ್ ಅಲ್ಲಿದೆ. ಕ್ಯೂಎಮುವಿನ ಮ್ಯಾಪ್‌ಗಿಂತ ಎಷ್ಟು ಜಾಸ್ತಿ ತುಂಡಾಗಿದೆ ಎಂದು ಒಮ್ಮೆ ನೋಡಿದರೆ, ಪಟ್ಟಿಯ ಬೆಲೆ ಗೊತ್ತಾಗುತ್ತದೆ.

ಹೆಜ್ಜೆ 7: ಪೇಜಿಂಗ್ ಬದಲಿಸುವಾಗ

ಕಾಯ್ದಿಟ್ಟರೂ ಕಣ್ಣಿಗೆ ಕಾಣದಂತೆ ಆಗುವ ಹೊತ್ತು ಇದು. ಪೇಜಿಂಗ್‌ನಲ್ಲಿ ಕೋಡ್ ಬಳಸುವ ಅಡ್ರೆಸ್ಸನ್ನು ಪೇಜ್ ಟೇಬಲ್ ನಿಜವಾದ (ಫಿಸಿಕಲ್) ಅಡ್ರೆಸ್‌ಗೆ ಜೋಡಿಸುತ್ತದೆ. ಬೂಟ್ ಮಾಹಿತಿಯ ಅಡ್ರೆಸ್ ಫಿಸಿಕಲ್. ಹೊಸ ಪೇಜ್ ಟೇಬಲ್‌ನಲ್ಲಿ ಆ ಜಾಗಕ್ಕೆ ಮ್ಯಾಪಿಂಗ್ ಇಲ್ಲದೆ ಸಿಆರ್3 (ಪೇಜ್ ಟೇಬಲ್ ಎಲ್ಲಿದೆ ಎಂದು ತೋರಿಸುವ ರಿಜಿಸ್ಟರ್) ಬದಲಿಸಿದರೆ, ಮುಂದಿನ ಸಲ ಓದುವಾಗ ಪೇಜ್ ಫಾಲ್ಟ್. ಐಡಿಟಿ (ಫಾಲ್ಟ್ ಬಂದಾಗ ಯಾವ ಕೋಡ್ ನಡೆಯಬೇಕೆಂಬ ಕೋಷ್ಟಕ) ಇನ್ನೂ ಹಾಕಿಲ್ಲ, ಹಾಗಾಗಿ ಡಬಲ್ ಫಾಲ್ಟ್, ಆಮೇಲೆ ಟ್ರಿಪಲ್ ಫಾಲ್ಟ್, ಮಷೀನ್ ರೀಸ್ಟಾರ್ಟ್. ಐಡಿಟಿಯನ್ನು ಪೇಜಿಂಗ್‌ಗಿಂತ ಮೊದಲೇ ಹಾಕಿ. ರೀಸ್ಟಾರ್ಟ್ ಬದಲು ಫಾಲ್ಟ್ ಅಡ್ರೆಸ್ ಪರದೆ ಮೇಲೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಕಾಯ್ದಿಟ್ಟ ಪೇಜ್‌ಗಳನ್ನು ಓದಲು-ಮಾತ್ರ ಎಂದು ಗುರುತು ಮಾಡುವುದು ಒಳ್ಳೆಯ ಕಾವಲು. ಆದರೆ ಎಕ್ಸ್86ನಲ್ಲಿ ಅಷ್ಟೇ ಸಾಲದು. ಸಿಆರ್0 ರಿಜಿಸ್ಟರಿನ 16ನೇ ಬಿಟ್ ಹಾಕದಿದ್ದರೆ, ಕರ್ನಲ್ ಮಟ್ಟದ ಕೋಡ್ ಓದಲು-ಮಾತ್ರ ಪೇಜಿಗೂ ಆರಾಮಾಗಿ ಬರೆಯುತ್ತದೆ. ಆ ಬಿಟ್ ಹಾಕಿದ ಮೇಲೆ, ಬೂಟ್ ಮಾಹಿತಿ ಮೇಲೆ ಬರೆಯಲು ಹೋದ ಸೂಚನೆ ಅಲ್ಲೇ ಸಿಕ್ಕಿಬೀಳುತ್ತದೆ. ಡಿಎಂಎ ಮಾಡುವ, ಅಂದರೆ ಪ್ರೊಸೆಸರ್ ಇಲ್ಲದೆ ನೇರವಾಗಿ ಮೆಮೊರಿಗೆ ಬರೆಯುವ, ಸಾಧನಗಳನ್ನು ಮಾತ್ರ ಪೇಜ್ ಟೇಬಲ್ ತಡೆಯುವುದಿಲ್ಲ. ಡ್ರೈವರ್ ಬರೆಯುವಾಗ ಅವುಗಳಿಗೆ ಕೊಡುವ ಅಡ್ರೆಸ್ಸನ್ನು ಅಲೋಕೇಟರ್‌ನಿಂದಲೇ ಪಡೆಯಿರಿ.

ಹೆಜ್ಜೆ 8: ಕೆಲಸ ಮುಗಿದ ಮೇಲೆ ಬಿಡಿಸಿಕೊಳ್ಳುವುದು

ಮಲ್ಟಿಬೂಟ್‌ನಲ್ಲಿ ಇದು ಸರಳ. ನಕಲು ಆಗಿದ್ದರೆ 134000ದ ಪೇಜನ್ನು ಅಲೋಕೇಟರ್‌ಗೆ ಕೊಡಿ. ಇನಿಟ್‌ಆರ್‌ಡಿಯನ್ನು ಬಿಚ್ಚಿ ಮುಗಿಸಿದ ಮೇಲೆ ಅದನ್ನೂ ಕೊಡಿ. ಲಿನಕ್ಸ್ ಲಾಗ್‌ನಲ್ಲಿ ಇನಿಟ್‌ಆರ್‌ಡಿ ಮೆಮೊರಿ ಬಿಡಿಸಿದೆ ಎಂಬ ಸಾಲು ಬರುವುದು ಇದೇ ಕಾರಣಕ್ಕೆ.

ಲಿಮೈನ್ ಎಂಬ ಬೇರೆ ಬೂಟ್‌ಲೋಡರ್ ಬಳಸುವವರಿಗೆ ಇಲ್ಲಿ ತಾಳ್ಮೆ ಬೇಕು. ಲಿಮೈನ್ ತನ್ನ ಜಾಗವನ್ನು ಮ್ಯಾಪ್‌ನಲ್ಲೇ ಬೇರೆ ಬಗೆಯಾಗಿ ತೋರಿಸುತ್ತದೆ, 'ಬೂಟ್‌ಲೋಡರ್ ಬಿಟ್ಟ ಮೇಲೆ ಬಳಸಬಹುದು' ಎಂಬ ಅರ್ಥದಲ್ಲಿ. ಮರೆತು ಬರೆಯುವ ಭಯ ಕಡಿಮೆ. ಆದರೆ ನೀವು ನಿಂತಿರುವ ನೆಲವೇ ಆ ಜಾಗದಲ್ಲಿದೆ: ಸ್ಟ್ಯಾಕ್, ಪೇಜ್ ಟೇಬಲ್, ಜಿಡಿಟಿ, ಜೊತೆಗೆ ಲಿಮೈನ್ ಕೊಟ್ಟ ಉತ್ತರಗಳೆಲ್ಲ, ಮೆಮೊರಿ ಮ್ಯಾಪ್ ಕೂಡ. ಬಿಡಿಸುವ ಮುಂಚೆ ನಿಮ್ಮದೇ ಜಿಡಿಟಿ, ನಿಮ್ಮದೇ ಪೇಜ್ ಟೇಬಲ್, ನಿಮ್ಮದೇ ಸ್ಟ್ಯಾಕ್‌ಗೆ ಹೋಗಿ, ಮ್ಯಾಪ್ ನಕಲು ಮಾಡಿಕೊಂಡಿರಬೇಕು. ಮ್ಯಾಪ್ ನೋಡುತ್ತಲೇ ಮ್ಯಾಪ್ ಇರುವ ಪೇಜನ್ನು ಬಿಡಿಸುವ ಲೂಪ್ ಬರೆದುಬಿಡುವುದು ಬಹಳ ಸುಲಭ. ಉಳಿದ ಕೋರ್‌ಗಳನ್ನಂತೂ ಮರೆಯಲೇಬಾರದು. ನೀವು ಕರೆಯುವವರೆಗೆ ಅವು ಅದೇ ಜಾಗದ ಸ್ಟ್ಯಾಕ್ ಮೇಲೆ ಕಾಯುತ್ತಿರುತ್ತವೆ. ಅವನ್ನೂ ಮೊದಲು ನಿಮ್ಮ ಕೋಡ್‌ಗೆ ಕರೆತನ್ನಿ.

ಯುಇಎಫ್ಐಯಲ್ಲಿ (ಬಯೋಸ್‌ನ ಜಾಗಕ್ಕೆ ಬಂದ ಹೊಸ ಫರ್ಮ್‌ವೇರ್) ಸ್ವಂತ ಲೋಡರ್ ಬರೆಯುವವರು ಗಮನಿಸಬೇಕಾದ್ದು: ಮ್ಯಾಪ್ ಪಡೆದು ಅದರ ಕೀ ಕೊಟ್ಟು ಬೂಟ್ ಸರ್ವೀಸ್‌ಗಳಿಂದ ಹೊರಬರುತ್ತೀರಿ. ಎರಡರ ನಡುವೆ ಮೆಮೊರಿ ಕೇಳಿದರೆ ಮ್ಯಾಪ್ ಬದಲಾಗಿ ಕೀ ಹಳೆಯದಾಗುತ್ತದೆ, ಹೊರಬರುವ ಕರೆ ಸೋಲುತ್ತದೆ. ಮತ್ತೆ ಮ್ಯಾಪ್ ಪಡೆದು ಕರೆಯಬೇಕು. ಇಲ್ಲೂ ಸಾಲಿನ ಸೈಜನ್ನು ಫರ್ಮ್‌ವೇರ್ ಹೇಳಿದ್ದೇ ಬಳಸಿ. ಹೊರಬಂದ ಮೇಲೆ ಬೂಟ್ ಸರ್ವೀಸ್ ಬಗೆಯ ಜಾಗಗಳು ನಿಯಮದ ಪ್ರಕಾರ ನಿಮ್ಮವು. ಹಾಗಿದ್ದರೂ ಕೆಲವು ಫರ್ಮ್‌ವೇರ್‌ಗಳು ಅಲ್ಲಿಗೆ ಮತ್ತೆ ಇಣುಕುತ್ತವೆ ಎಂದೇ ಲಿನಕ್ಸ್ ಎಕ್ಸ್86ನಲ್ಲಿ ಅವನ್ನು ಸ್ವಲ್ಪ ಕಾಲ ಹಿಡಿದಿಟ್ಟು ಆಮೇಲೆ ಬಿಡಿಸುತ್ತದೆ. ನೀವೂ ಅವಸರ ಮಾಡಬೇಡಿ. ರನ್‌ಟೈಮ್ ಸರ್ವೀಸ್ ಜಾಗಗಳನ್ನು ಎಂದೂ ಬಿಡಿಸಬಾರದು.

ರಿಸ್ಕ್-ಫೈವ್ ಎಂಬ ಬೇರೆ ಬಗೆಯ ಪ್ರೊಸೆಸರ್ ಕಡೆ ಹೋದರೆ, ಬೂಟ್ ಮಾಹಿತಿಯ ಬದಲು ಡಿವೈಸ್ ಟ್ರೀಯ (ಹಾರ್ಡ್‌ವೇರ್ ವಿವರದ ಪಟ್ಟಿ) ಅಡ್ರೆಸ್ ಎ1 ರಿಜಿಸ್ಟರ್‌ನಲ್ಲಿ ಬರುತ್ತದೆ. ಕ್ಯೂಎಮುವಿನ ವರ್ಟ್ ಬೋರ್ಡ್‌ನಲ್ಲಿ ರ್‍ಯಾಮ್ 80000000ದಿಂದ ಶುರು, ಅಲ್ಲಿ ಓಪನ್‌ಎಸ್‌ಬಿಐ ಎಂಬ ಫರ್ಮ್‌ವೇರ್ ಕೂತಿರುತ್ತದೆ, ಕರ್ನಲ್ 80200000ದಲ್ಲಿ. ಓಪನ್‌ಎಸ್‌ಬಿಐ ತನ್ನ ಜಾಗವನ್ನು ಹಾರ್ಡ್‌ವೇರ್ ಕಾವಲಿನಿಂದಲೇ ಮುಚ್ಚುತ್ತದೆ, ಮುಟ್ಟಿದರೆ ಫಾಲ್ಟ್. ಡಿವೈಸ್ ಟ್ರೀಯ ರಿಸರ್ವ್ಡ್ ಮೆಮೊರಿ ಭಾಗ ಓದಿ ಪಟ್ಟಿಗೆ ಸೇರಿಸಿ, ಡಿವೈಸ್ ಟ್ರೀ ಇರುವ ಜಾಗವನ್ನೂ ಸೇರಿಸಿ. ಉಳಿದ ಹೆಜ್ಜೆಗಳು ಅವೇ.

ಕೆಟ್ಟದ್ದು ಯಾವಾಗ ಎಂದು ಹಿಡಿಯುವುದು

ಕರ್ನಲ್ ಶುರುವಿನಲ್ಲೇ ಬೂಟ್ ಮಾಹಿತಿಯ ಎಲ್ಲ ಬೈಟ್‌ಗಳ ಮೊತ್ತ ತೆಗೆದಿಡಿ. ಪ್ರತಿ ಹಂತ ಮುಗಿದಾಗ ಮತ್ತೆ ಕೂಡಿ ಹೋಲಿಸಿ: ಜಿಡಿಟಿ ಆಯಿತು, ಸರಿ. ಐಡಿಟಿ ಆಯಿತು, ಸರಿ. ಅಲೋಕೇಟರ್ ಆಯಿತು, ತಪ್ಪು. ಹಂತ ಸಿಕ್ಕಿತು. ಆ ಹಂತದಲ್ಲಿ ಜಿಡಿಬಿ ಎಂಬ ಡಿಬಗರನ್ನು ಕ್ಯೂಎಮುವಿಗೆ ಜೋಡಿಸಿ, 134000ದ ಮೇಲೆ ವಾಚ್‌ಪಾಯಿಂಟ್ (ಅಲ್ಲಿ ಬರೆದ ಕೂಡಲೇ ನಿಲ್ಲಿಸುವ ಗುರುತು) ಹಾಕಿ. ಬರೆದ ಸಾಲು ಯಾವುದು ಎಂದು ಜಿಡಿಬಿಯೇ ತೋರಿಸುತ್ತದೆ. ಗದಗಿನ ಹುಡುಗಿಗೆ ಅದು ನಿಂತದ್ದು ಪೇಜ್‌ಗೆ ಸೊನ್ನೆ ತುಂಬುವ ಸಾಲಿನಲ್ಲಿ.

ಕ್ಯೂಎಮುವಿಗೆ ರೀಬೂಟ್ ಬೇಡ ಎನ್ನುವ ಆಯ್ಕೆ ಕೊಟ್ಟು, ಇಂಟರಪ್ಟ್‌ಗಳನ್ನು ಲಾಗ್ ಮಾಡಿಸಿ. ಟ್ರಿಪಲ್ ಫಾಲ್ಟ್ ಆದಾಗ ಮಷೀನ್ ನಿಲ್ಲುತ್ತದೆ, ಕೊನೆಯ ರಿಜಿಸ್ಟರ್‌ಗಳು ಕಾಣುತ್ತವೆ. ಸಂದೇಶಗಳನ್ನು ಸೀರಿಯಲ್ ಪೋರ್ಟ್‌ಗೂ ಕಳಿಸಿ, ಪರದೆ ಹೋದರೂ ಅದು ಉಳಿಯುತ್ತದೆ.

ಬಿಡಿಸಿದ ಪೇಜ್‌ಗಳಿಗೆ ಹಂಚುವ ಮುಂಚೆ ಹೆಕ್ಸ್ 55 ತುಂಬಿ. ಯಾರಾದರೂ ಹಳೆಯ ಪಾಯಿಂಟರ್ ಹಿಡಿದು ಓದಿದರೆ 55555555 ಎಂಬ ಸಂಖ್ಯೆ ಕಣ್ಣಿಗೆ ಹೊಡೆಯುತ್ತದೆ. ಸೊನ್ನೆ ತುಂಬಿದರೆ ತಪ್ಪು ಅಡಗಿಕೊಳ್ಳುತ್ತದೆ, ಮೇಲೆ ನೋಡಿದಿರಲ್ಲ.

ಕೊನೆಗೆ, ಒಂದೇ ಮೆಮೊರಿ ಸೈಜ್‌ನಲ್ಲಿ ಪರೀಕ್ಷೆ ಮಾಡಿ ಬಿಡಬೇಡಿ. 64 ಎಂಬಿ, 128 ಎಂಬಿ, 1 ಜಿಬಿ, 6 ಜಿಬಿ ಕೊಟ್ಟು ನೋಡಿ. 6 ಜಿಬಿಯಲ್ಲಿ ರ್‍ಯಾಮ್‌ನ ಒಂದು ಭಾಗ 4 ಜಿಬಿಯ ಆಚೆ ಹೋಗುತ್ತದೆ, ಅಡ್ರೆಸ್ಸನ್ನು 32 ಬಿಟ್‌ನಲ್ಲಿ ಇಟ್ಟಿದ್ದರೆ ಅಲ್ಲಿ ಬಯಲಾಗುತ್ತದೆ. ಇನಿಟ್‌ಆರ್‌ಡಿಗೆ ಒಮ್ಮೆ ಒಂದು ಬೈಟ್ ಫೈಲ್, ಒಮ್ಮೆ 4096 ಬೈಟ್, ಒಮ್ಮೆ 4097 ಬೈಟ್, ಒಮ್ಮೆ 40 ಎಂಬಿ ಕೊಡಿ. ಕಮಾಂಡ್ ಲೈನನ್ನು ಬೇಕೆಂದೇ ಉದ್ದ ಮಾಡಿ. ಇದಾದ ಮೇಲೆ ಪೆನ್‌ಡ್ರೈವ್‌ಗೆ ಬರೆದು ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬೂಟ್ ಮಾಡಿ. ಅಲ್ಲಿ ಸೀರಿಯಲ್ ಪೋರ್ಟ್ ಸಿಗುವುದು ಅಪರೂಪ, ಹಾಗಾಗಿ ಕಾಯ್ದಿಟ್ಟ ಪಟ್ಟಿಯನ್ನು ಹೆಸರು ಸಮೇತ ಪರದೆ ಮೇಲೆ ಮೂಡಿಸಿ, ಮುಂದುವರಿಯಲು ಒಂದು ಕೀ ಒತ್ತುವವರೆಗೆ ನಿಲ್ಲಿಸಿ. ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡರೆ ಮುಂದೆ ಏನೇ ಕೆಟ್ಟರೂ ಹೋಲಿಸಲು ಸಂಖ್ಯೆಗಳು ಕೈಯಲ್ಲಿರುತ್ತವೆ.